ಗೇಟಿನ ಮೇಲಿನ ಪೆಟ್ಟಿಗೆ ನಿಮ್ಮ ಕೈಗೆ ಬರಲಿ

ಯಾದಗಿರಿ, ಶಹಾಪುರ, ಸುರಪುರದ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಎಲೆಕ್ಟ್ರಿಷಿಯನ್, ಫಿಟ್ಟರ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಟ್ರೇಡ್‌ಗಳಲ್ಲಿ ಓದುತ್ತಿರುವವರಿಗೆ, ಪಾಲಿಟೆಕ್ನಿಕ್‌ನಲ್ಲಿ ಕೊನೆಯ ಸೆಮಿಸ್ಟರ್‌ಗೆ ಬಂದವರಿಗೆ, ಕೋರ್ಸ್ ಮುಗಿಸಿ ಬೆಂಗಳೂರಿಗೋ ಪುಣೆಗೋ ಹೊರಡಲು ಗಂಟು ಕಟ್ಟುತ್ತಿರುವವರಿಗೆ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಭಾಗದಿಂದ ಜನ ಗುಳೆ ಹೋಗುವುದು ಹೊಸದಲ್ಲ. ಆದರೆ ಎರಡು ವರ್ಷ ವೈರಿಂಗ್ ಕಲಿತ ಹುಡುಗನೂ ಅದೇ ಗುಳೆಯ ಬಸ್ ಹತ್ತಿ, ದೊಡ್ಡ ಊರಲ್ಲಿ ಕಟ್ಟಡ ಕೆಲಸಕ್ಕೆ ನಿಂತದ್ದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ನಾನು ಕಂಟ್ರೋಲ್ ಪ್ಯಾನೆಲ್‌ಗಳ ಮುಂದೆ ನಿಂತು ಬದುಕು ಕಟ್ಟಿಕೊಂಡವನು. ಕೆಲಸ ಮಾಡಿದ ಕಡೆಯೆಲ್ಲ ಒಂದು ಮಾತು ಗಮನಿಸಿದ್ದೇನೆ. ಮೋಟರ್ ಸುಟ್ಟರೆ ಊರಿನವನೇ ಬಂದು ವೈಂಡಿಂಗ್ ಮಾಡುತ್ತಾನೆ. ಪ್ಯಾನೆಲ್ಲಿನೊಳಗಿನ ಪಿಎಲ್‌ಸಿಯ (ಯಂತ್ರ ನಡೆಸುವ ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್) ಮೇಲೆ ಕೆಂಪು ದೀಪ ಹತ್ತಿತೆಂದರೆ ಫೋನ್ ಹೋಗುವುದು ಹೈದರಾಬಾದಿಗೆ, ಪುಣೆಗೆ, ಬೆಂಗಳೂರಿಗೆ. ಅಲ್ಲಿಂದ ಆಳು ಬರುವವರೆಗೆ ಮಿಲ್ ನಿಂತಿರುತ್ತದೆ, ಹಮಾಲರು ನೆರಳಲ್ಲಿ ಕೂತಿರುತ್ತಾರೆ. ಬಂದವನು ಲ್ಯಾಪ್‌ಟಾಪ್ ಜೋಡಿಸಿ ಒಂದು ಸಡಿಲ ತಂತಿಯನ್ನೋ ಕೆಟ್ಟ ಸೆನ್ಸರ್ ಒಂದನ್ನೋ ಹುಡುಕಿ, ಬದಲಿಸಿ, ಬಿಲ್ ಕೊಟ್ಟು ಹೋಗುತ್ತಾನೆ. ಅದನ್ನು ನೀವು ಮಾಡಬಲ್ಲಿರಿ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಮೊದಲು ನಿಮ್ಮ ಊರಿನ ಪಕ್ಕದ ಕಾಲುವೆಯಿಂದಲೇ ಮಾತು ಆರಂಭಿಸುತ್ತೇನೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆ 78 ಕಿಲೋಮೀಟರ್ ಉದ್ದದ್ದು. ಬಾಯಲ್ಲಿ ಅದರ ಸಾಮರ್ಥ್ಯ 10,000 ಕ್ಯೂಸೆಕ್. ಮುಂದೆ ಶಹಾಪುರ ಶಾಖೆ, ಮುಡಬೂಳ ಶಾಖೆ, ಜೇವರ್ಗಿ ಶಾಖೆ, ಇಂಡಿ ಶಾಖೆ ಎಂದು ಕವಲಾಗಿ, ಅಲ್ಲಿಂದ ವಿತರಣಾ ಕಾಲುವೆ, ಲ್ಯಾಟರಲ್, ಹೊಲಗಾಲುವೆಗಳಾಗಿ ಒಡೆಯುತ್ತದೆ. ನೀರು ಕಾಣಬೇಕಾದ ನೆಲ ಸುಮಾರು ನಾಲ್ಕೂವರೆ ಲಕ್ಷ ಹೆಕ್ಟೇರ್. ಈ ಕಾಲುವೆಯ ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು ಹುಣಸಗಿ ತಾಲ್ಲೂಕಿನ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರಿಗೆ ಅನುಕೂಲ ಎಂದು ಅಂದು ಸರ್ಕಾರ ಹೇಳಿತು. ಕೃಷ್ಣಾ ಭಾಗ್ಯ ಜಲ ನಿಗಮಕ್ಕಾಗಿ ಆಸ್ಟ್ರೇಲಿಯಾದ ರುಬಿಕಾನ್ ಮತ್ತು ಹೈದರಾಬಾದಿನ ಮೇಧಾ ಸಂಸ್ಥೆಗಳು ಜೊತೆಯಾಗಿ ಸಾವಿರಾರು ಗೇಟ್‌ಗಳನ್ನು ಈ ಕಾಲುವೆಜಾಲದ ಮೇಲೆ ಕೂಡಿಸಿವೆ. ದೂರದಿಂದಲೇ ನೋಡಿ ನಡೆಸುವ ಈ ಗೇಟ್‌ಗಳನ್ನು ಜನ ‘ಸ್ಕಾಡಾ ಗೇಟ್’ ಎಂದೇ ಕರೆಯುತ್ತಾರೆ.

ನೀವು ಅವುಗಳನ್ನು ನೋಡಿರುತ್ತೀರಿ. ಕಾಲುವೆ ಏರಿಯ ಮೇಲೆ ಒಂದು ಕಂಬ, ಕಂಬದ ಮೇಲೆ ಸೋಲಾರ್ ಪ್ಲೇಟು, ಅದರ ಹತ್ತಿರ ಆಂಟೆನಾ, ಕೆಳಗೆ ಬೀಗ ಹಾಕಿದ ಪೆಟ್ಟಿಗೆ, ನೀರಿನಲ್ಲಿ ಅಲ್ಯೂಮಿನಿಯಂ ಗೇಟು. ಆ ಪೆಟ್ಟಿಗೆಯೊಳಗೆ ಬ್ಯಾಟರಿ, ಮೋಟರಿನ ಡ್ರೈವರ್ ಮತ್ತು ಒಂದು ಕಂಟ್ರೋಲರ್ ಇವೆ. ಕಾಲುವೆಯವರು ಆ ಕಂಟ್ರೋಲರನ್ನು ಆರ್‌ಟಿಯು ಎನ್ನಬಹುದು; ಕಾರ್ಖಾನೆಯ ಪಿಎಲ್‌ಸಿಗೂ ಅದಕ್ಕೂ ಮನೆತನ ಒಂದೇ. ಎರಡರದೂ ಒಂದೇ ದುಡಿಮೆ: ಸೆನ್ಸರ್ ಏನು ಹೇಳುತ್ತಿದೆ ಎಂದು ಓದುವುದು, ಒಳಗೆ ಬರೆದಿಟ್ಟ ನಿಯಮದಂತೆ ಲೆಕ್ಕ ಹಾಕುವುದು, ಮೋಟರಿಗೆ ಅಪ್ಪಣೆ ಕೊಡುವುದು, ಮತ್ತೆ ಓದುವುದು.

ಹಳೆಯ ಗೇಟಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮನಸ್ಸಿಟ್ಟು ತಿಳಿದುಕೊಳ್ಳಿ. ಆಟೋಮೇಷನ್ ವಿದ್ಯೆಯ ಅರ್ಧ ಅದರಲ್ಲಿಯೇ ಇದೆ. ಮೊದಲು ಗ್ಯಾಂಗ್‌ಮನ್ ಬಂದು ಚಕ್ರ ತಿರುಗಿಸಿ ಗೇಟನ್ನು ಇಂತಿಷ್ಟು ಎತ್ತಿ ಹೋಗುತ್ತಿದ್ದ. ಎತ್ತಿದ ಅಳತೆ ಹಾಗೆಯೇ ಇರುತ್ತಿತ್ತು, ಹರಿವು ಮಾತ್ರ ಹಾಗೆಯೇ ಇರುತ್ತಿರಲಿಲ್ಲ. ತಳದಿಂದ ನೀರು ಬಿಡುವ ಗೇಟಿನಲ್ಲಿ ಹರಿವು ಹಿಂದಿನ ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ: ಆ ಎತ್ತರ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟು. ಮುಖ್ಯ ಕಾಲುವೆಯಲ್ಲಿ ರಾತ್ರಿ ನೀರು ಏರಿದರೆ ಮೇಲ್ಭಾಗದ ತೂಬುಗಳು ತಮ್ಮ ಪಾಲಿಗಿಂತ ಹೆಚ್ಚು ಕುಡಿಯುತ್ತಿದ್ದವು. ಇಳಿದರೆ ಎಲ್ಲರಿಗೂ ಕಡಿಮೆ. ಯಾರೂ ಕಳ್ಳತನ ಮಾಡದಿದ್ದರೂ ಕೊನೆಯ ಭಾಗದ ರೈತನಿಗೆ ಮೋಸವಾಗುತ್ತಿತ್ತು. ಹೊಸ ಗೇಟಿಗೆ ಕೊಡುವ ಅಪ್ಪಣೆಯೇ ಬೇರೆ. ‘ಇಷ್ಟು ಇಂಚು ಎತ್ತು’ ಎನ್ನುವ ಬದಲು ‘ಇಷ್ಟು ಕ್ಯೂಸೆಕ್ ಬಿಡು’ ಎನ್ನುತ್ತಾರೆ. ಗೇಟಿನ ಮೇಲ್ಬದಿಯ ಮಟ್ಟ, ಕೆಳಬದಿಯ ಮಟ್ಟ, ಗೇಟಿನ ಸ್ಥಾನ, ಈ ಮೂರನ್ನೂ ಓದಿ ಹರಿವನ್ನು ಲೆಕ್ಕ ಹಾಕಿ, ಗುರಿಗಿಂತ ಹೆಚ್ಚಾದರೆ ಗೇಟಿನ ಬಾಯಿ ತಾನೇ ಕಿರಿದಾಗುತ್ತದೆ, ಕಡಿಮೆಯಾದರೆ ಅಗಲವಾಗುತ್ತದೆ. ಅಳೆ, ಹೋಲಿಸು, ಸರಿಪಡಿಸು. ಪುಸ್ತಕದಲ್ಲಿ ಇದಕ್ಕೆ ಕ್ಲೋಸ್ಡ್ ಲೂಪ್ ಎಂದು ಹೆಸರು. ಸಿಮೆಂಟ್ ಗೂಡಿನ ಉಷ್ಣತೆ, ಬಾಯ್ಲರಿನ ಒತ್ತಡ, ಸಕ್ಕರೆ ಕಾರ್ಖಾನೆಯ ರಸದ ಮಟ್ಟ ಎಲ್ಲವೂ ನಡೆಯುವುದು ಇದೇ ರೀತಿಯಲ್ಲಿ.

ಇನ್ನು ಪಿಎಲ್‌ಸಿ ಎಂದರೆ ಕಂಪ್ಯೂಟರ್ ಓದಿದವರ ಕೆಲಸ, ನಮ್ಮದಲ್ಲ ಎಂದು ಹಿಂಜರಿಯುವವರಿಗೆ ಒಂದು ಇತಿಹಾಸ ಹೇಳಬೇಕು. 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಗೇರ್‌ಬಾಕ್ಸ್ ವಿಭಾಗಕ್ಕೆ ಒಂದು ತಲೆನೋವಿತ್ತು. ಯಂತ್ರಗಳನ್ನು ನಡೆಸುತ್ತಿದ್ದುದು ಗೋಡೆಯುದ್ದಕ್ಕೂ ನಿಂತ ರಿಲೇ ಪ್ಯಾನೆಲ್‌ಗಳು. ಕಾರಿನ ಮಾದರಿ ಬದಲಾದಾಗಲೆಲ್ಲ ಸಾವಿರಾರು ತಂತಿ ಕಿತ್ತು ಮತ್ತೆ ಜೋಡಿಸಬೇಕು, ಇಲ್ಲವೇ ಇಡೀ ಪ್ಯಾನೆಲ್ಲನ್ನೇ ಬಿಸಾಡಬೇಕು. ತಂತಿ ಮುಟ್ಟದೆ ತರ್ಕ ಮಾತ್ರ ಬದಲಿಸುವ ಸಾಧನ ಬೇಕು, ಅದು ಕಾರ್ಖಾನೆಯ ದೂಳು, ಕಂಪನ, ಸೆಕೆ ತಡೆಯಬೇಕು, ಅಲ್ಲಿನ ಎಲೆಕ್ಟ್ರಿಷಿಯನ್ ಅದನ್ನು ನಡೆಸುವಂತಿರಬೇಕು ಎಂಬುದು ಅವರ ಬೇಡಿಕೆ. ಡಿಕ್ ಮಾರ್ಲಿ ಮತ್ತು ಸಂಗಡಿಗರ ಬೆಡ್‌ಫರ್ಡ್ ಅಸೋಸಿಯೇಟ್ಸ್ ಮಾಡಿಕೊಟ್ಟ ‘ಮೋಡಿಕಾನ್ 084’ ಹಾಗೆ ಹುಟ್ಟಿತು. 084 ಎಂಬುದು ಅವರ 84ನೆಯ ಪ್ರಾಜೆಕ್ಟ್ ಎಂಬ ಗುರುತು. ಎಲೆಕ್ಟ್ರಿಷಿಯನ್‌ಗೆ ಹೊಸ ಭಾಷೆ ಕಲಿಸುವುದು ಬೇಡವೆಂದು, ಅವನಿಗೆ ಗೊತ್ತಿದ್ದ ರಿಲೇ ನಕ್ಷೆಯನ್ನೇ ಪ್ರೋಗ್ರಾಮಿನ ರೂಪ ಮಾಡಿದರು. ಅದೇ ಲ್ಯಾಡರ್. ಪಿಎಲ್‌ಸಿ ಪ್ರೋಗ್ರಾಮಿಗೆಂದು 1993ರಲ್ಲಿ ಬಂದ ಐಇಸಿ 61131-3 ಮಾನಕದಲ್ಲಿ ಲ್ಯಾಡರ್ ಸೇರಿ ಐದು ಭಾಷೆಗಳಿದ್ದವು. ಇಂದಿಗೂ ಮೆಂಟೆನನ್ಸ್‌ನವರು ಮೊದಲು ತೆರೆದು ನೋಡುವುದು ಲ್ಯಾಡರನ್ನೇ. ಅಂದರೆ ಆರಂಭದಿಂದಲೂ ಈ ಯಂತ್ರವನ್ನು ಮಾಡಿದ್ದು ಕೈಯಲ್ಲಿ ಟೆಸ್ಟರ್ ಹಿಡಿದವರಿಗಾಗಿ.

ನಿಮ್ಮ ಹೊಲದ ಬೋರ್‌ವೆಲ್ ಸ್ಟಾರ್ಟರ್ ಮುಚ್ಚಳ ತೆಗೆದು ನೋಡಿ, ಲೈನ್ ಬಂದ್ ಮಾಡಿಕೊಂಡು. ಹಸಿರು ಬಟನ್ ಒತ್ತಿದರೆ ಕಾಂಟ್ಯಾಕ್ಟರಿನ ಕಾಯಿಲಿಗೆ ಕರೆಂಟ್ ಹೋಗಿ ಅದು ಎಳೆದುಕೊಳ್ಳುತ್ತದೆ. ಬೆರಳು ತೆಗೆದ ಮೇಲೂ ಮೋಟರ್ ಓಡುತ್ತಲೇ ಇರುತ್ತದಲ್ಲ, ಹೇಗೆ? ಕಾಂಟ್ಯಾಕ್ಟರ್ ಎಳೆದುಕೊಂಡಾಗ ಅದರದೇ ಒಂದು ಚಿಕ್ಕ ಕಾಂಟ್ಯಾಕ್ಟ್ ಹಸಿರು ಬಟನ್ನಿಗೆ ಸಮಾನಾಂತರವಾಗಿ ಕೂಡಿಕೊಂಡು ದಾರಿಯನ್ನು ಹಿಡಿದಿಡುತ್ತದೆ. ಅದು ಹೋಲ್ಡಿಂಗ್. ಕೆಂಪು ಬಟನ್ನೂ ಓವರ್‌ಲೋಡ್ ರಿಲೇಯೂ ಅದೇ ದಾರಿಯಲ್ಲಿ ಸಾಲಾಗಿವೆ. ಒಂದು ಬಿಚ್ಚಿದರೂ ಕಾಯಿಲ್ ಬಿಟ್ಟುಕೊಡುತ್ತದೆ. ಕರೆಂಟ್ ಹೋಗಿ ಬಂದರೆ ಮೋಟರ್ ತಾನಾಗಿ ಓಡದಿರುವುದೂ ಇದರಿಂದಲೇ, ಅದು ಮನುಷ್ಯನ ಕೈ ಕಾಯುವುದಕ್ಕೆ ಇಟ್ಟ ಏರ್ಪಾಡು. ರಾತ್ರಿ ತ್ರೀಫೇಸ್ ಬಂದಾಗ ಎದ್ದು ಹೋಗಲಾರದೆ ನಮ್ಮ ರೈತರು ‘ಆಟೋ ಸ್ವಿಚ್’ ಹಾಕಿ ಆ ಏರ್ಪಾಡನ್ನು ದಾಟಿಬಿಡುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಮೋಟರ್ ಬಿಚ್ಚಿ ಕೂತವನ ಕೈಯಲ್ಲಿ ತಂತಿ ಇರುವಾಗ ಲೈನ್ ಬಂದರೆ ಏನಾಗುತ್ತದೆಂದು ನೀವು ಮನೆಯಲ್ಲಿ ಹೇಳಲೇಬೇಕು.

ಇದೇ ನಕ್ಷೆಯನ್ನು ಪರದೆಯ ಮೇಲೆ ಬರೆದರೆ ನಿಮ್ಮ ಮೊದಲ ಪಿಎಲ್‌ಸಿ ಪ್ರೋಗ್ರಾಂ ಆಯಿತು. ಎಡಕ್ಕೊಂದು ನಿಂತ ಗೆರೆ, ಬಲಕ್ಕೊಂದು, ನಡುವೆ ಮೆಟ್ಟಿಲು. ಸ್ಟಾರ್ಟ್, ಅದರ ಕೆಳಗೆ ಹೋಲ್ಡಿಂಗ್, ಮುಂದೆ ಸ್ಟಾಪ್, ಓವರ್‌ಲೋಡ್, ಕೊನೆಗೆ ಕಾಯಿಲ್. ಹೊಸಬರು ಮುಗ್ಗರಿಸುವುದು ಸ್ಟಾಪ್ ಹತ್ತಿರ. ಕೆಂಪು ಬಟನ್ನನ್ನು ಸದಾ ಕೂಡಿಕೊಂಡಿರುವ ಕಾಂಟ್ಯಾಕ್ಟಿನಿಂದಲೇ ವೈರ್ ಮಾಡುತ್ತೇವೆ, ತಂತಿ ತುಂಡಾದರೂ ಯಂತ್ರ ನಿಲ್ಲಲಿ ಎಂದು. ಹಾಗಾಗಿ ಬಟನ್ ಒತ್ತದಿರುವಾಗ ಪಿಎಲ್‌ಸಿಯ ಇನ್‌ಪುಟ್‌ನಲ್ಲಿ 24 ವೋಲ್ಟ್ ಇರುತ್ತದೆ, ಅಂದರೆ 1. ಈಗ ಪ್ರೋಗ್ರಾಮಿನಲ್ಲಿಯೂ ಮುಚ್ಚಿದ ಕಾಂಟ್ಯಾಕ್ಟಿನ ಗುರುತನ್ನೇ ಹಾಕಿದರೆ ಮೋಟರ್ ಓಡುವುದೇ ಇಲ್ಲ; ತೆರೆದ ಕಾಂಟ್ಯಾಕ್ಟ್ ಹಾಕಬೇಕು. ಇನ್ನೊಂದು: ಪಿಎಲ್‌ಸಿ ಮೊದಲು ಎಲ್ಲ ಇನ್‌ಪುಟ್ ಓದುತ್ತದೆ, ಆಮೇಲೆ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಲೆಕ್ಕ ಹಾಕುತ್ತದೆ, ಕೊನೆಗೆ ಔಟ್‌ಪುಟ್‌ಗಳನ್ನು ಬರೆಯುತ್ತದೆ, ಕೆಲವೇ ಮಿಲಿಸೆಕೆಂಡುಗಳಲ್ಲಿ ಮತ್ತೆ ಮೊದಲಿಗೆ ಬರುತ್ತದೆ. ಒಂದೇ ಕಾಯಿಲನ್ನು ಎರಡು ಕಡೆ ಬರೆದರೆ ಕೆಳಗಿನದು ಗೆಲ್ಲುತ್ತದೆ. ಮೇಲಿನ ಮೆಟ್ಟಿಲು ಸರಿಯಾಗಿಯೇ ಕಾಣುತ್ತಿರುತ್ತದೆ, ಮೋಟರ್ ಮಾತ್ರ ಅಲುಗದು.

ಸೆನ್ಸರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎರಡು ಮೀಟರ್ ಆಳ ಅಳೆಯುವ ಲೆವೆಲ್ ಟ್ರಾನ್ಸ್‌ಮಿಟರ್ ಇದೆ ಎಂದುಕೊಳ್ಳಿ. ನೀರಿಲ್ಲದಿದ್ದರೆ 4 ಮಿಲಿಆಂಪ್, ಒಂದು ಮೀಟರಿಗೆ 12, ಎರಡು ಮೀಟರಿಗೆ 20. ಸೊನ್ನೆಯಿಂದಲೇ ಏಕೆ ಆರಂಭಿಸಲಿಲ್ಲ? ಇಲಿ ಕೇಬಲ್ ಕಡಿದರೆ ಬರುವುದು ಸೊನ್ನೆ ಮಿಲಿಆಂಪ್. ಸೊನ್ನೆಯೆಂದರೆ ನೀರಿಲ್ಲ ಎಂಬ ಅರ್ಥವಿದ್ದಿದ್ದರೆ, ಕೆಳಬದಿಯ ಮಟ್ಟ ಕಾಯುವ ಕಂಟ್ರೋಲರ್ ಕಾಲುವೆ ಒಣಗಿತೆಂದು ತಿಳಿದು ಗೇಟನ್ನು ಪೂರ್ತಿ ತೆರೆದುಬಿಡುತ್ತಿತ್ತು. ಈಗ 4ಕ್ಕಿಂತ ಕೆಳಗೆ ಹೋದರೆ ತಂತಿ ಕೆಟ್ಟಿದೆ ಎಂದು ಅಲಾರಂ ಕೊಡುವಂತೆ ಪ್ರೋಗ್ರಾಂ ಬರೆಯಬಹುದು. ಮಲ್ಟಿಮೀಟರನ್ನು ಮಿಲಿಆಂಪ್‌ಗೆ ಇಟ್ಟು, ಲೂಪ್‌ನಲ್ಲಿ ಸರಣಿಯಾಗಿ ಜೋಡಿಸಿ ಓದಲು ಬಂದವನು ಯಾವ ಕಾರ್ಖಾನೆಗೆ ಹೋದರೂ ಮೊದಲ ದಿನವೇ ಕೆಲಸಕ್ಕೆ ಬರುತ್ತಾನೆ.

ಕಾರ್ಖಾನೆಗಳು ಎಲ್ಲಿವೆ ಎಂದು ಕೇಳುವಿರಿ. ಯಾದಗಿರಿ ತಾಲ್ಲೂಕಿನಲ್ಲೇ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶ ಇದೆ. ರೈಲ್ವೆ ಬೋಗಿ ಕಾರ್ಖಾನೆ, ರಾಸಾಯನಿಕ ಮತ್ತು ಔಷಧ ಘಟಕಗಳು ಅಲ್ಲಿವೆ. ಶಹಾಪುರ, ಯಾದಗಿರಿಯ ಸುತ್ತ ಹತ್ತಿ ಜಿನ್ನಿಂಗ್ ಮಿಲ್‌ಗಳು, ಅಕ್ಕಿ ಗಿರಣಿಗಳು. ರೈಲು ಹತ್ತಿದರೆ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು, ಇತ್ತ ಶಕ್ತಿನಗರದ ರಾಯಚೂರು ಥರ್ಮಲ್. ಸಿಮೆಂಟ್ ಕಾರ್ಖಾನೆಯಲ್ಲಿ ಒಂದರ ಮುಂದೊಂದು ಕನ್ವೇಯರ್ ಬೆಲ್ಟ್‌ಗಳು ಇರುತ್ತವೆ. ಚಾಲು ಮಾಡುವಾಗ ಕೊನೆಯ ಬೆಲ್ಟ್ ಮೊದಲು ಓಡಬೇಕು, ಆಮೇಲೆ ಅದರ ಹಿಂದಿನದು. ನಡುವಿನ ಒಂದು ನಿಂತರೆ ಅದಕ್ಕೆ ಸುರಿಯುವ ಬೆಲ್ಟುಗಳೆಲ್ಲ ತಕ್ಷಣ ನಿಲ್ಲಬೇಕು, ಇಲ್ಲದಿದ್ದರೆ ಕಲ್ಲಿನ ರಾಶಿ ಬಿದ್ದು ಪಕ್ಕದಲ್ಲಿದ್ದವನನ್ನೂ ಹೂತುಬಿಡುತ್ತದೆ. ಇದಕ್ಕೆ ಇಂಟರ್‌ಲಾಕ್ ಎನ್ನುತ್ತಾರೆ.

ಇಲ್ಲಿ ಕೈಮುಗಿದು ಒಂದು ಮಾತು. ಸೇಫ್ಟಿ ಸ್ವಿಚ್ ಪದೇ ಪದೇ ಟ್ರಿಪ್ ಆಗುತ್ತಿದೆ, ಪ್ರೊಡಕ್ಷನ್ ನಿಲ್ಲುತ್ತಿದೆ, ‘ಸದ್ಯಕ್ಕೆ ಒಂದು ಜಂಪರ್ ಹಾಕು’ ಎಂದು ಶಿಫ್ಟ್ ಇನ್‌ಚಾರ್ಜ್ ಹೇಳುತ್ತಾರೆ. ಗಾರ್ಡ್ ಬಾಗಿಲಿನ ಸ್ವಿಚ್ಚಿಗೆ, ಎಮರ್ಜೆನ್ಸಿ ಸ್ಟಾಪ್‌ಗೆ, ರಿಯಾಕ್ಟರಿನ ಅಧಿಕ ಉಷ್ಣತೆಯ ಟ್ರಿಪ್‌ಗೆ ಜಂಪರ್ ಹಾಕಬೇಡಿ. ಆ ಅರ್ಧ ಗೇಣು ತಂತಿ ಟರ್ಮಿನಲ್‌ನಲ್ಲಿ ಉಳಿದುಬಿಡುತ್ತದೆ, ಹಾಕಿದವನ ಶಿಫ್ಟ್ ಮುಗಿದು ಹೋಗುತ್ತದೆ, ಅದು ಅಲ್ಲಿದೆ ಎಂದು ಗೊತ್ತಿಲ್ಲದವನು ಮರುದಿನ ಒಳಗೆ ಕೈ ಹಾಕುತ್ತಾನೆ. ಬರಹದಲ್ಲಿ ಅಪ್ಪಣೆ ಕೇಳಿ. ಟ್ರಿಪ್ ಏಕೆ ಆಗುತ್ತಿದೆ ಎಂದು ಹುಡುಕಿ. ಗುತ್ತಿಗೆ ಕೆಲಸದಲ್ಲಿರುವ ಹುಡುಗನಿಗೆ ‘ಆಗುವುದಿಲ್ಲ’ ಎನ್ನುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದರೂ ಹೇಳಿ.

ಕಲಿಯುವುದು ಎಲ್ಲಿ? ದೊಡ್ಡ ಊರುಗಳಲ್ಲಿ ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದು ಬೋರ್ಡ್ ಹಾಕಿ ಹತ್ತಾರು ಸಾವಿರ ಕೇಳುವವರಿದ್ದಾರೆ. ಅಪ್ಪ ಎತ್ತು ಮಾರಿ ಕೊಟ್ಟ ದುಡ್ಡನ್ನು ಅಲ್ಲಿ ಕಟ್ಟುವ ಮೊದಲು ನಿಮ್ಮ ಕಣ್ಣ ಮುಂದೆ ಇರುವುದನ್ನು ಬಳಸಿ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದಾರೆ; ಅಲ್ಲಿನ ಹೊಸ ಟ್ರೇಡ್‌ಗಳಲ್ಲಿ ಪ್ರೋಸೆಸ್ ಕಂಟ್ರೋಲ್ ಮತ್ತು ಆಟೋಮೇಷನ್ ಒಂದು. ಹತ್ತಿರದ ಯಾವ ಐಟಿಐಯಲ್ಲಿ ಅದಿದೆಯೋ ಅಲ್ಲಿಗೆ ಹೋಗಿ, ಆ ಯಂತ್ರಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆಸಿ. ಕಲಬುರಗಿಯಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದೆ. ಓಪನ್‌ಪಿಎಲ್‌ಸಿ, ಕೋಡೆಸಿಸ್ ಸಾಫ್ಟ್‌ವೇರ್‌ಗಳನ್ನು ಹಣ ಕೊಡದೆ ಇಳಿಸಿಕೊಂಡು ಹಳೆಯ ಲ್ಯಾಪ್‌ಟಾಪ್‌ನಲ್ಲಿಯೇ ಸಿಮ್ಯುಲೇಟರ್ ಓಡಿಸಬಹುದು. ಲ್ಯಾಪ್‌ಟಾಪ್ ಇಲ್ಲವೆಂದರೆ ಗುಜರಿಯಿಂದ ಎರಡು ಕಾಂಟ್ಯಾಕ್ಟರ್, ಒಂದು ಟೈಮರ್, ಮೂರು ಬಟನ್ ತಂದು ಹಲಗೆಗೆ ಹೊಡೆದು, ಮುಂದಕ್ಕೆ-ಹಿಂದಕ್ಕೆ ಓಡುವ ಮೋಟರಿನ ಸರ್ಕಿಟ್ ಕಟ್ಟಿ. ಎರಡೂ ಕಾಂಟ್ಯಾಕ್ಟರ್ ಒಟ್ಟಿಗೆ ಎಳೆಯದಂತೆ ಇಂಟರ್‌ಲಾಕ್ ಮಾಡಿ. ಅದು ಬಂದರೆ ಸೀಮೆನ್ಸ್, ಡೆಲ್ಟಾ, ಮಿತ್ಸುಬಿಷಿ ಯಾವ ಕಂಪನಿಯ ಪಿಎಲ್‌ಸಿ ಮುಂದಿಟ್ಟರೂ ಭಯವಿರುವುದಿಲ್ಲ. ಬದಲಾಗುವುದು ಗುಂಡಿಗಳ ಜಾಗ ಮಾತ್ರ. ತಂಗಿಯರಿಗೆ ಬೇರೆಯಾಗಿ ಹೇಳುತ್ತೇನೆ: ಈ ಕೆಲಸಕ್ಕೆ ತೋಳ್ಬಲ ಬೇಡ, ಸಮಾಧಾನ ಬೇಕು, ನಕ್ಷೆ ಓದುವ ಗಮನ ಬೇಕು. ನಾನು ಕಂಡ ಒಳ್ಳೆಯ ಪ್ಯಾನೆಲ್ ವೈರಿಂಗ್‌ಗಳಲ್ಲಿ ಹಲವು ಹೆಣ್ಣುಮಕ್ಕಳ ಕೈಯವು. ಸೀರೆಗೆ ಕುಚ್ಚು ಕಟ್ಟುವಷ್ಟು ಓರಣವಾಗಿ ಅವರು ತಂತಿ ಕಟ್ಟುತ್ತಿದ್ದರು.

ಸಂವಿಧಾನದ 371(ಜೆ) ಕಲಂ ನಮ್ಮ ಭಾಗದವರಿಗೆ ಸರ್ಕಾರಿ ಹುದ್ದೆಯಲ್ಲಿ, ಸೀಟಿನಲ್ಲಿ ಪಾಲು ಕೊಟ್ಟಿದೆ, ಅದನ್ನು ಬಿಡಬೇಡಿ. ಆದರೆ ಖಾಸಗಿ ಕಾರ್ಖಾನೆಯ ಗೇಟಿನ ಒಳಗೆ ಆ ಮೀಸಲಾತಿಯ ಕಾಗದ ನಡೆಯದು, ಅಲ್ಲಿ ನಡೆಯುವುದು ನೀವು ಕಲಿತ ಕೆಲಸವೇ.

ಈಗ ಮತ್ತೆ ಕಾಲುವೆಗೆ ಬರುತ್ತೇನೆ, ಏಕೆಂದರೆ ಅಲ್ಲಿ ಕೆಲಸಕ್ಕಿಂತ ದೊಡ್ಡದೊಂದು ಇದೆ. ಈ ಕಾಲುವೆ ಸೇರಿರುವ ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದ್ದು ಕಡಿಮೆ ನೀರು ಬೇಡುವ ಬೆಳೆಗಳಿಗಾಗಿ. ಆದರೆ ಮೇಲ್ಭಾಗದಲ್ಲಿ ಭತ್ತ ಬಂತು, ಕೊನೆಯ ಭಾಗದಲ್ಲಿ ಮೆಣಸಿನಕಾಯಿ, ಹತ್ತಿ ಬಾಡಿದವು. ಚಾಲು-ಬಂದ್ ಪಾಳಿಯಲ್ಲಿ ನೀರು ಬಿಟ್ಟಾಗಲೂ ಅದು ತಮ್ಮೂರ ತನಕ ಬರಲೇ ಇಲ್ಲ ಎಂದು ಕೆಳಭಾಗದವರು ಕೂಗುವುದು ಪ್ರತಿ ಹಂಗಾಮಿನ ಮಾತು. ಗೇಟು ಈ ಜಗಳವನ್ನು ತಾನಾಗಿ ಬಿಡಿಸುವುದಿಲ್ಲ. ಅದಕ್ಕೆ ಗುರಿ ಬರೆದುಕೊಡುವವರು ನೀರಾವರಿ ಸಲಹಾ ಸಮಿತಿಯ ತೀರ್ಮಾನದಂತೆ ನಡೆಯುವ ಎಂಜಿನಿಯರ್‌ಗಳು. ತಪ್ಪು ಗುರಿ ಕೊಟ್ಟರೆ ಗೇಟು ಆ ತಪ್ಪನ್ನೇ ಹಗಲೂ ರಾತ್ರಿ ನಿಷ್ಠೆಯಿಂದ ನಡೆಸುತ್ತದೆ. ಆದರೆ ಅದು ಒಂದು ದೊಡ್ಡ ಉಪಕಾರ ಮಾಡುತ್ತದೆ: ಯಾವ ಹೊತ್ತಿಗೆ ಎಷ್ಟು ಹರಿಯಿತು ಎಂದು ಬರೆದಿಡುತ್ತದೆ. ಗೇಟಿನ ಕೆಳಗೆ ಕಲ್ಲು ತುರುಕಿದರೆ, ಕಂಬದ ಮೇಲಿನ ಸೋಲಾರ್ ಪ್ಲೇಟು ಬಗ್ಗಿಸಿದರೆ, ಕೇಬಲ್ ಕಿತ್ತರೆ ಮೊದಲು ಕುರುಡಾಗುವುದು ಆ ಲೆಕ್ಕ. ಆಮೇಲೆ ಕೆಳಭಾಗದವನು ತನಗೆ ಅನ್ಯಾಯವಾಯಿತೆಂದು ತೋರಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಊರಿನ ಕಟ್ಟೆಯ ಮೇಲೆ ಇದನ್ನು ಹೊರಗಿನ ಕಂಪನಿಯವನು ಬಂದು ಹೇಳಿದರೆ ಯಾರೂ ಕೇಳರು, ಊರಿನ ಹುಡುಗ ಹೇಳಿದರೆ ಕೇಳಿಯಾರು.

ಆದ್ದರಿಂದ ಮೂರು ತಾಲ್ಲೂಕುಗಳ ನಿಮ್ಮಲ್ಲಿ ಹತ್ತಿಪ್ಪತ್ತು ಜನ ಒಟ್ಟಾಗಿ, ನಿಮ್ಮ ಪ್ರಾಚಾರ್ಯರ ಪತ್ರದೊಂದಿಗೆ, ಭೀಮರಾಯನಗುಡಿಯ ಕೃಷ್ಣಾ ಭಾಗ್ಯ ಜಲ ನಿಗಮದ ಕಚೇರಿಗೆ ಹೋಗಿ ಗೇಟುಗಳ ನಿರ್ವಹಣೆಯಲ್ಲಿ ಅಪ್ರೆಂಟಿಸ್ ತರಬೇತಿ ಕೇಳಿ. ಸೋಲಾರ್ ಪ್ಲೇಟಿನ ದೂಳು ಒರೆಸುವುದು, ಬ್ಯಾಟರಿ ವೋಲ್ಟೇಜ್ ನೋಡುವುದು, ಸೆನ್ಸರ್ ಓದಿದ ಮಟ್ಟವನ್ನು ಕಾಲುವೆ ಗೋಡೆಯ ಗೇಜಿನೊಂದಿಗೆ ತಾಳೆ ನೋಡುವುದು, ಇಷ್ಟರಿಂದ ಆರಂಭವಾಗಲಿ. ಒಮ್ಮೆ ಇಲ್ಲ ಎಂದರೆ ಮತ್ತೆ ಹೋಗಿ. ಜೊತೆಗೆ ನಿಮ್ಮೂರ ನೀರು ಬಳಕೆದಾರರ ಸಹಕಾರ ಸಂಘದ ಸಭೆಯಲ್ಲಿ ಕೂತು, ನಮ್ಮ ವಿತರಣಾ ಕಾಲುವೆಗೆ ಈ ಪಾಳಿಯಲ್ಲಿ ಎಷ್ಟು ಕ್ಯೂಸೆಕ್ ಗುರಿ ಇತ್ತು, ಎಷ್ಟು ಹರಿಯಿತು ಎಂಬ ದಿನವಾರು ಪಟ್ಟಿಯನ್ನು ಬರಹದಲ್ಲಿ ಕೇಳಿಸಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಪಟ್ಟಿ ಕೈಗೆ ಬಂದ ದಿನ ಅದನ್ನು ಓದಿ ಹೇಳುವವರು ಆ ಸಭೆಯಲ್ಲಿ ನೀವೇ ಇರಬೇಕು. ಹಿಂಗಾರಿಗೆ ನೀರು ಬಿಡುವ ಮೊದಲೇ ಅಷ್ಟು ಕಲಿತುಕೊಂಡಿರಿ.

ಇಂತಿ ನಿಮ್ಮವನೇ ಆದ,
ಶಹಾಪುರ ಸೀಮೆಯ ಒಬ್ಬ ಕಂಟ್ರೋಲ್ ಎಂಜಿನಿಯರ್